ಮಗಳ ಓದಿಗೆ 12 ಲಕ್ಷ: ಲೆಕ್ಕ ಎಲ್ಲಿ ಜಾರುತ್ತದೆ

ಹಣಕಾಸು ಸಲಹೆಗಾರರ ಮುಂದೆ ಕೂತವರು ಮೊದಲು ಕೇಳುವುದೇ "ಯಾವ ಫಂಡಿಗೆ ಹಾಕಲಿ?" ಅಂತ. ಕಸುಬು ಬಲ್ಲವರು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅವರಿಗೆ ಮೊದಲು ಬೇಕಿರುವುದು ಗುರಿಯ ಇವತ್ತಿನ ಖರ್ಚು, ಉಳಿದಿರುವ ವರ್ಷ, ಆ ಖರ್ಚು ಏರುವ ವೇಗ.

ಮಗಳಿಗೆ ಈಗ 6 ವರ್ಷ, 18ಕ್ಕೆ ಎಂಜಿನಿಯರಿಂಗ್ ಅಂದುಕೊಳ್ಳಿ. ಫೀಸು, ಹಾಸ್ಟೆಲ್ ಸೇರಿ ಇವತ್ತಿಗೆ 12 ಲಕ್ಷ. ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದ ಹೊತ್ತಿಗೆ 24 ಲಕ್ಷ. ಶೇ 8ರಂತೆ ಏರಿದರೆ 30 ಲಕ್ಷ ದಾಟುತ್ತದೆ. ದಿನಸಿ ಸಾಮಾನಿನ ಬೆಲೆ ಏರುವ ದರವನ್ನೇ ಕಾಲೇಜು ಫೀಸಿಗೂ ಹಾಕಿದ ಎಕ್ಸೆಲ್ ಶೀಟು ಮುಗ್ಗರಿಸುವುದು ಇಲ್ಲೇ.

30.2 ಲಕ್ಷ ಕೂಡಿಸಲು ಶೇ 10ರ ಗಳಿಕೆಯಲ್ಲಿ ತಿಂಗಳಿಗೆ ಸುಮಾರು 10,900 ರೂಪಾಯಿ ಎಸ್ಐಪಿ (ಫಂಡಿಗೆ ಪ್ರತಿ ತಿಂಗಳು ಕಟ್ಟುವ ಕಂತು) ಬೇಕು. ಶೇ 12 ಅಂತ ಬರೆದರೆ 9,500ಕ್ಕೆ ಇಳಿಯುತ್ತದೆ, ಶೇ 8 ಅಂದರೆ 12,600. ಗುರಿ ಹಗುರ ಕಾಣಲು ಒಂದು ಅಂಕಿ ತಿದ್ದಿದರೆ ಸಾಕು, ನೋಡಿ! ಮೂರೂ ಲೆಕ್ಕ ತೋರಿಸಿ ಅಂತ ಕೇಳಿ. ಎದುರಿಗಿರುವವರು ಯಾರು ಅನ್ನುವುದನ್ನೂ ನೋಡಿಕೊಳ್ಳಿ: ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಸಲಹೆಗಾರರ ಸಂಖ್ಯೆ 'ಐಎನ್ಎ' ಎಂದು ಶುರುವಾಗುತ್ತದೆ, ಅವರಿಗೆ ಫೀಸು ಕೊಡುವವರು ನೀವು. 'ಎಆರ್‌ಎನ್' ಸಂಖ್ಯೆ ಮ್ಯೂಚುವಲ್ ಫಂಡ್ ವಿತರಕರದು, ಅವರ ಕಮಿಷನ್ ಫಂಡ್ ಕಂಪನಿಯಿಂದ ಬರುತ್ತದೆ.

10,900 ಕೈಗೆಟುಕದಿದ್ದರೆ 6,900ರಿಂದ ಶುರುಮಾಡಿ ಪ್ರತಿ ವರ್ಷ ಶೇ 10ರಷ್ಟು ಏರಿಸುವ ದಾರಿಯಿದೆ. ಆದರೆ 12ನೇ ವರ್ಷದ ಕಂತು 19,700 ಆಗಿರುತ್ತದೆ. ಸಂಬಳ ಅಷ್ಟು ವೇಗವಾಗಿ ಏರದವರು, ಅಂಗಡಿ ನಡೆಸುವವರು, ನಾಲ್ಕೈದು ವರ್ಷಕ್ಕೇ ಏರಿಕೆ ನಿಲ್ಲಿಸಿಬಿಡುತ್ತಾರೆ. ಅಂಥವರಿಗೆ ಶೇ 5ರ ಏರಿಕೆ ಹಿಡಿದು ಕೊರತೆಯನ್ನು ಶಿಕ್ಷಣ ಸಾಲಕ್ಕೆ ಬಿಡುವುದೇ ವಾಸಿ. ಓದಿಗೆ ಬ್ಯಾಂಕು ಸಾಲ ಕೊಡುತ್ತದೆ, ನಿವೃತ್ತಿ ಜೀವನಕ್ಕೆ ಯಾರೂ ಕೊಡುವುದಿಲ್ಲ. ಹಾಗಾಗಿ ಪಿಎಫ್ ಮುರಿದು ಫೀಸು ಕಟ್ಟುವ ಯೋಜನೆ ಕಂಡರೆ ಅಲ್ಲೇ ತಡೆಯಬೇಕು.

ಹೆಚ್ಚಿನ ಯೋಜನೆಗಳಲ್ಲಿ ಹಣ ಹೊರತೆಗೆಯುವ ಮಾತೇ ಇರುವುದಿಲ್ಲ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಷೇರು ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗಿಳಿದಿತ್ತು. ಆ ವರ್ಷವೇ ಫೀಸು ಕಟ್ಟಬೇಕಿದ್ದು, ಹಣವೆಲ್ಲ ಷೇರಿನಲ್ಲೇ ಇದ್ದಿದ್ದರೆ? ಮಗಳಿಗೆ 15 ತುಂಬಿದಾಗ ಮೂರನೇ ಒಂದು ಭಾಗ, 16ಕ್ಕೆ ಉಳಿದದ್ದರಲ್ಲಿ ಅರ್ಧ, 17ಕ್ಕೆ ಮಿಕ್ಕಿದ್ದೆಲ್ಲ ಎಫ್‌ಡಿಗೆ ಸರಿಯಬೇಕು. ಈ ಮೂರು ತಾರೀಖುಗಳನ್ನು ಮೊದಲ ದಿನವೇ ಬರೆಸಿಕೊಳ್ಳಿ. ಮಾರುಕಟ್ಟೆ ಏರುತ್ತಿರುವಾಗ "ಇನ್ನೊಂದು ವರ್ಷ ಬಿಡೋಣ" ಅನ್ನುವವರು ಸಲಹೆಗಾರರಲ್ಲ, ಮನೆಯವರೇ.