ಶೇಂಗಾ ಎಲ್ಲಿ ತಿಂತೀವಿ ತಂಗಿ?

28 ಜನವರಿ 2025, ಮಂಗಳವಾರ, ಕೊಪ್ಪಳ

ಇವತ್ತು ಆರು ಮನೆ ಆಯ್ತು. ಊಟದ ಸರ್ವೆ. ಫಾರ್ಮ್‌ನಲ್ಲಿ ನೂರಕ್ಕೂ ಜಾಸ್ತಿ ಪದಾರ್ಥ, ಒಂದೊಂದಕ್ಕೂ ಹೋದ ಒಂದು ತಿಂಗಳಲ್ಲಿ ಎಷ್ಟು ಸಲ ತಿಂದ್ರಿ, ಎಷ್ಟೆಷ್ಟು ತಿಂದ್ರಿ ಅಂತ ಕೇಳಬೇಕು. ನಾಲ್ಕನೇ ಮನೆಯ ಅಕ್ಕ ರೊಟ್ಟಿ ಬಡಿಯುತ್ತಲೇ ಉತ್ತರ ಕೊಟ್ಟರು.

"ಶೇಂಗಾ ಎಷ್ಟು ಸಲ ತಿಂದ್ರಿ ಅಕ್ಕಾರ?"

"ಶೇಂಗಾ ಎಲ್ಲಿ ತಿಂತೀವಿ ತಂಗಿ. ಪಂಚಮಿಗೆ ಉಂಡಿ ಮಾಡಿದ್ರ ಅಷ್ಟ."

'ಇಲ್ಲ' ಅಂತ ಟಿಕ್ ಹಾಕಿದೆ. ಅಷ್ಟರಲ್ಲಿ ಅವರ ಮಗ ಬಂದು, ಡಬ್ಬಿ ತೆಗೆದು, ಬಿಸಿ ರೊಟ್ಟಿ ಮೇಲೆ ಶೇಂಗಾ ಚಟ್ನಿಪುಡಿ ಸುರಿದು ಮೇಲಿಷ್ಟು ಎಣ್ಣೆ ಹಾಕಿಕೊಂಡು ಕೂತ. ಒಲೆ ಪಕ್ಕದಲ್ಲಿದ್ದ ಬದನೆಕಾಯಿ ಎಣ್ಣೆಗಾಯಿಯಲ್ಲೂ ಅದೇ ಶೇಂಗಾ! ಅಕ್ಕ ಸುಳ್ಳು ಹೇಳಿರಲಿಲ್ಲ. ಅವರಿಗೆ ಶೇಂಗಾ ಅಂದ್ರೆ ಹುರಿದು ತಿನ್ನೋದು, ಪುಡಿ ಅಂದ್ರೆ ಪುಡಿ. ತಪ್ಪು ಫಾರ್ಮಿನದ್ದು. ಎಣ್ಣೆಯದೂ ಇದೇ ಕತೆ, ಎಣ್ಣೆ ತಿಂತೀನಿ ಅಂತ ಯಾರು ಹೇಳ್ತಾರೆ?

ರೊಟ್ಟಿಗೆ 'ಮಧ್ಯಮ ಗಾತ್ರ' ಅಂತ ಬರೆದಿದ್ದಾರೆ. ಯಾರ ಮನೆಯ ಮಧ್ಯಮ? ಬಿಸಿ ರೊಟ್ಟಿಯೋ ಖಡಕ್ ರೊಟ್ಟಿಯೋ? ಹಿಟ್ಟು ಅಷ್ಟೇ ಇದ್ದರೂ ನೀರು ಆರಿದ ಮೇಲೆ ತೂಕ ಬೇರೆ. ಜೊತೆಗೆ ಹೋದ ಒಂದು ತಿಂಗಳಂದ್ರೆ ಸಂಕ್ರಾಂತಿ, ಗವಿಮಠದ ಜಾತ್ರೆ, ಸಜ್ಜೆ ರೊಟ್ಟಿ, ಮಾದಲಿ, ಮನೆ ತುಂಬ ನೆಂಟರು. ಈ ತಿಂಗಳನ್ನು ಹಿಡಿದು ವರ್ಷದ ಊಟ ಲೆಕ್ಕ ಹಾಕಿದರೆ ದೇವರೇ ಗತಿ.

ಎಲ್ಲರಿಗಿಂತ ಕಷ್ಟ ಅಡುಗೆ ಮಾಡೋರದ್ದು. "ನಂದೇನ್ ಬಿಡು, ಉಳಿದಿದ್ದು ಉಣ್ತೀನಿ" ಅಂದರು ಅಕ್ಕ. ಉಳಿದಿದ್ದು ಅನ್ನೋ ಕಾಲಂ ನನ್ನ ಹತ್ತಿರ ಇಲ್ಲ.

ಇದು ನಮ್ಮ ಕಡೆಯ ಗೋಳು ಮಾತ್ರ ಅಲ್ಲ. ಅಮೆರಿಕದಲ್ಲಿ 1999-2000ರಲ್ಲಿ ಜನ ಹೇಳೋ ಊಟ ಎಷ್ಟು ನಿಜ ಅಂತ ನೋಡೋಕೆ 'ಓಪನ್' ಅಂತ ಒಂದು ಅಧ್ಯಯನ ಮಾಡಿದ್ದರು, 484 ಜನರ ಮೇಲೆ. ಮಾಮೂಲಿಗಿಂತ ಭಾರವಾದ ಹೈಡ್ರೋಜನ್, ಆಮ್ಲಜನಕ ಇರೋ ನೀರು ಕುಡಿಸಿ, ಸುಮಾರು ಎರಡು ವಾರದಲ್ಲಿ ಎರಡೂ ಎಷ್ಟೆಷ್ಟು ಬೇಗ ಕಡಿಮೆಯಾಗುತ್ತವೆ ಅಂತ ಮೂತ್ರದಲ್ಲಿ ಅಳೆಯೋದು. ಹೈಡ್ರೋಜನ್ ನೀರಾಗಿ ಮಾತ್ರ ಹೊರಗೆ ಹೋಗುತ್ತೆ, ಆಮ್ಲಜನಕ ಉಸಿರಿನ ಇಂಗಾಲದ ಡೈಆಕ್ಸೈಡ್ ಜೊತೆಗೂ ಹೋಗುತ್ತೆ. ಆ ವ್ಯತ್ಯಾಸದಿಂದ ಮೈ ಎಷ್ಟು ಶಕ್ತಿ ಖರ್ಚು ಮಾಡಿತು ಅಂತ ಸಿಗುತ್ತೆ, ತೂಕ ಏರಿಳಿಯದಿದ್ದರೆ ತಿಂದಿದ್ದೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ. ನಮ್ಮಂಥದ್ದೇ ಪಟ್ಟಿ ಫಾರ್ಮ್‌ನಲ್ಲಿ ಜನ ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳಿದ್ದರು. ನಿನ್ನೆ ಬೆಳಗ್ಗೆಯಿಂದ ಏನೇನು ತಿಂದ್ರಿ ಅಂತ ಕೂರಿಸಿ ಕೇಳಿದಾಗ ಗಂಡಸರು 12-14%, ಹೆಂಗಸರು 16-20% ಕಡಿಮೆ. ಪರವಾಗಿಲ್ಲ, ಆದರೂ ಕಡಿಮೆಯೇ.

ಫಾರ್ಮ್ ಪೂರ್ತಿ ದಂಡ ಅಂತ ನಾನು ಹೇಳಲ್ಲ. ಈ ಮನೆಗಿಂತ ಆ ಮನೆಯಲ್ಲಿ ಸೊಪ್ಪು ಜಾಸ್ತಿ ಅನ್ನೋ ಮಟ್ಟಿಗೆ ನಡೆಯುತ್ತೆ. ಆದರೆ ನಮ್ಮ ಮೇಲಿನವರಿಗೆ ಗ್ರಾಂ ಬೇಕು, ಅದೂ ದಶಾಂಶ ಸಮೇತ.

ರಾತ್ರಿ ಸುಮ್ನೆ ನನ್ನದೇ ಫಾರ್ಮ್ ತುಂಬಿದೆ. ಕರಿದ ತಿಂಡಿ: ತಿಂಗಳಿಗೆ ಎರಡು ಸಲ. ಮಂಡಕ್ಕಿ ಒಗ್ಗರಣಿ ಜೊತೆ ಬೆಳಗ್ಗೆ ತಿಂದ ಮಿರ್ಚಿ ಭಜಿ ನೆನಪಾಗಿದ್ದು ಕೈ ತೊಳೆಯಲು ಎದ್ದಾಗ. ಮೊನ್ನೆಯೂ ತಿಂದಿದ್ದೆ.

ನಾಳೆ ಅಕ್ಕನ ಮನೆಗೆ ಮತ್ತೆ ಹೋಗಿ ಆ 'ಇಲ್ಲ' ತಿದ್ದಬೇಕು. ತಕ್ಕಡಿಯ ಸೆಲ್ ಬೇರೆ ಮುಗಿದಿದೆ.