ಕಾಮನ್‌_ಫೈನಲ್‌_ನ್ಯೂ ಒಳಗೆ ಏನಿತ್ತು?

ದಾವಣಗೆರೆ ಮಂಡಿಪೇಟೆಯ ಕೆಲವು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಒಂದು ಸರ್ವರ್ ಕೈಗೆ ಬಂದರೆ ಅದರಲ್ಲಿರುವ ಫೈಲ್‌ಗಳ ಹೆಸರನ್ನು ನಾನು ನಂಬುವುದಿಲ್ಲ. ಮೊದಲು ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ತೆಗೆಯುತ್ತೇನೆ. ಹೆಸರು ಯಾರು ಬೇಕಾದರೂ ಬದಲಿಸಬಹುದು, ಅಲ್ವಾ? ಹ್ಯಾಶ್ ಬರುವುದು ಫೈಲ್ ಒಳಗಿನ ಬೈಟ್‌ಗಳ ಲೆಕ್ಕದಿಂದ. ಒಂದೇ ಒಂದು ಬೈಟ್ ಬದಲಾದರೂ ಪೂರ್ತಿ ಬೇರೆಯದೇ ಬರುತ್ತದೆ.

ಒಂದು ಅಂಗಡಿಯ ಸರ್ವರ್‌ನಲ್ಲಿ ಹಿಂದಿನವರು ಜಾವಾ ಲೈಬ್ರರಿಗಳಿಗೆ (ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್ ಕಟ್ಟುಗಳಿಗೆ) ಮನಸ್ಸಿಗೆ ಬಂದ ಹೆಸರು ಇಟ್ಟಿದ್ದರು. ಇರಲಿ. ಫೈಲಿನ ಎಸ್‌ಎಚ್‌ಎ-1, ಅಂದರೆ 40 ಅಕ್ಷರದ ಒಂದು ಬಗೆಯ ಹ್ಯಾಶ್ ಕೊಟ್ಟು, ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್‌ನಲ್ಲಿ ಹುಡುಕಿದರೆ ಅದು ಯಾವ ಲೈಬ್ರರಿ, ಯಾವ ವರ್ಷನ್ ಅಂತ ಗೊತ್ತಾಗುತ್ತದೆ. ಹೆಚ್ಚಿನವು ಹಾಗೇ ಸಿಕ್ಕವು. 'ಕಾಮನ್‌_ಫೈನಲ್‌_ನ್ಯೂ.ಜಾರ್' ಮಾತ್ರ ಸಿಗಲಿಲ್ಲ.

"ಸಿಗ್ಲಿಲ್ಲ ಅಂದ್ರೆ ವೈರಸ್ಸಾ ಸರ್?" ಅಂದರು ಗುಮಾಸ್ತರು.

ಹಾಗೇನಿಲ್ಲ. ಮೇವನ್ ಪಟ್ಟಿಯಲ್ಲಿ ಇಲ್ಲ, ಅಷ್ಟೇ. ಜಾರ್ ಅಂದರೆ ಜಿಪ್ ಫೈಲೇ. ಸುಮ್ನೆ ಬಿಚ್ಚಿ ಮತ್ತೆ ಕಟ್ಟಿದರೂ ಒಳಗಿನ ದಿನಾಂಕಗಳು ಬದಲಾಗಿ ಹೊರಗಿನ ಹ್ಯಾಶ್ ಬೇರೆಯಾಗಬಹುದು. ಅದಕ್ಕೇ ಬಿಚ್ಚಿ ನೋಡಿದೆ. ಫೋಲ್ಡರ್ ಹೆಸರುಗಳಲ್ಲೇ ಲಾಗ್‌ಫೋರ್‌ಜೆ (ಪ್ರೋಗ್ರಾಂ ಏನೇನು ಮಾಡಿತು ಅಂತ ದಾಖಲಿಸುವ ಲೈಬ್ರರಿ) ವಾಸನೆ ಹೊಡೆಯಿತು. ಜಾರ್‌ನ ವಿವರವಿರುವ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ವರ್ಷನ್ 2.14.1 ಅಂತ ಬರೆದಿತ್ತು, ಆದರೆ ಅದನ್ನೂ ತಿದ್ದಬಹುದು. ಅಸಲಿ 2.14.1 ಇಳಿಸಿಕೊಂಡು, ಎರಡರ ಒಳಗಿನ ಒಂದೊಂದು ಕ್ಲಾಸ್ ಫೈಲ್‌ನ (ಜಾವಾ ಕೋಡ್‌ನ ತುಂಡಿನ) ಹ್ಯಾಶನ್ನೂ ಅಕ್ಕಪಕ್ಕ ಇಟ್ಟೆ. ಎಲ್ಲ ತಾಳೆಯಾದವು. ಅಂಗಡಿಯ ಜಾರ್‌ನಲ್ಲಿ ಒಂದು ಫೈಲ್ ಮಾತ್ರ ಇರಲೇ ಇಲ್ಲ: ಜೆಎನ್‌ಡಿಐಲುಕಪ್.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆಯಲ್ಲಿನ ಲಾಗ್‌ಫೋರ್‌ಶೆಲ್ ಅನ್ನುವ ಭದ್ರತಾ ಲೋಪದ ಗಲಾಟೆ ಎದ್ದಾಗ, ಅಪ್‌ಡೇಟ್ ಮಾಡಲಾಗದವರು ಆ ಕ್ಲಾಸನ್ನು ಕಿತ್ತುಹಾಕಿ ಅಂತ ಲಾಗ್‌ಫೋರ್‌ಜೆ ತಯಾರಿಸುವ ಅಪಾಚೆಯವರೇ ಹೇಳಿದ್ದರು. ಯಾರೋ ಜಾಣರು ಅದನ್ನೇ ಮಾಡಿದ್ದಾರೆ. ಎಲ್ಲೂ ಬರೆದಿಟ್ಟಿಲ್ಲ, ಅದೇ ತಲೆನೋವು.

ಹೀಗೆ ಒಳಗಿನ ಫೈಲ್‌ಗಳನ್ನು ಹೋಲಿಸುವಾಗ ಖಾಲಿ ಫೈಲ್‌ಗಳನ್ನು ಮೊದಲೇ ಬಿಟ್ಟುಬಿಡಿ. ಖಾಲಿ ಫೈಲ್ ಎಲ್ಲಿದ್ದರೂ ಅದರ ಎಂಡಿ5 (ಇನ್ನೊಂದು ಬಗೆಯ ಹ್ಯಾಶ್) 'ಡಿ41ಡಿ8ಸಿಡಿ9' ಅಂತಲೇ ಶುರುವಾಗುತ್ತದೆ, ನನಗಂತೂ ಬಾಯಿಪಾಠ. ಲೈಸೆನ್ಸ್ ಫೈಲ್‌ಗಳದ್ದೂ ಇದೇ ಕಥೆ, ಒಂದೇ ಪ್ರತಿ ಎಷ್ಟೋ ಪ್ಯಾಕೇಜ್‌ಗಳಲ್ಲಿ ಇರುತ್ತದೆ. ಅವು ತಾಳೆಯಾದವು ಅಂತ ಖುಷಿಪಟ್ಟರೆ ಏನೂ ಉಪಯೋಗವಿಲ್ಲ.

ಹೋಲಿಸುವ ಹ್ಯಾಶ್‌ಗಳ ಪಟ್ಟಿ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. 2016ರಲ್ಲಿ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂನ ವೆಬ್‌ಸೈಟಿಗೇ ಹ್ಯಾಕರ್‌ಗಳು ನುಗ್ಗಿ ಡೌನ್‌ಲೋಡ್ ಲಿಂಕನ್ನು ಕಳ್ಳ ಹಿಂಬಾಗಿಲಿರುವ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಕಡೆ ತಿರುಗಿಸಿದ್ದರು. ಫೈಲೂ ಹ್ಯಾಶೂ ಒಂದೇ ಪುಟದಲ್ಲಿದ್ದರೆ ಕಳ್ಳ ಎರಡನ್ನೂ ಬದಲಿಸಬಲ್ಲ. ಇನ್ನು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಶೋಧನಾ ಸಂಸ್ಥೆಯವರು ಒಂದೇ ಎಸ್‌ಎಚ್‌ಎ-1 ಬರುವ ಎರಡು ಬೇರೆ ಬೇರೆ ಪಿಡಿಎಫ್ ಮಾಡಿ ತೋರಿಸಿದರು. ಹಾಗಾಗಿ ಹುಡುಕಾಟಕ್ಕೆ ಎಸ್‌ಎಚ್‌ಎ-1 ಇರಲಿ, ನಮ್ಮ ಸ್ವಂತ ಪಟ್ಟಿಗೆ ಅದಕ್ಕಿಂತ ಗಟ್ಟಿಯಾದ ಎಸ್‌ಎಚ್‌ಎ-256.

ಹಳೇ ಜಾರ್ ತೆಗೆದು, ಆ ಲೋಪ ಸರಿಪಡಿಸಿದ 2.17.1 ಹಾಕಿ, ಬಿಲ್ ಪ್ರಿಂಟ್ ಆಗುತ್ತದಾ ನೋಡಿಕೊಂಡೆವು. "ನಡೀತಿದ್ದದ್ದನ್ನ ಯಾಕ್ ಬಿಚ್ಚಿದೆ ತಮ್ಮಾ?" ಅಂತ ಸಾವ್ಕಾರ್ರು ಗೊಣಗಿದರು, ಆಮೇಲೆ ಚಹಾ ತರಿಸಿದರು. ಆ ತಿದ್ದಿದ ಜಾರ್‌ನ ಹ್ಯಾಶನ್ನು 'ತಿದ್ದಿದ್ದು, 2.14.1' ಅಂತ ನಮ್ಮ ಪಟ್ಟಿಗೆ ಸೇರಿಸಿದೆ. ಮುಂದೆ ಚಿತ್ರದುರ್ಗದ ಇನ್ನೊಂದು ಅಂಗಡಿಯ ಸರ್ವರ್‌ಗೆ ಅದೇ ಪಟ್ಟಿ ಓಡಿಸಿದಾಗ ಬಿಚ್ಚುವ ಕೆಲಸವೇ ಬೀಳಲಿಲ್ಲ. 'ಟ್ಯಾಕ್ಸ್‌2.ಜಾರ್' ಅನ್ನುವ ಹೆಸರಲ್ಲಿ ಅದೇ ಫೈಲ್ ಕೂತಿತ್ತು.