ಎರಡು ಬಾಣದ ಗುರುತು

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯವರು ಆ ರಾತ್ರಿಯನ್ನು ಮರೆಯುವುದಿಲ್ಲ. ನನಗೆ ಮರೆಯದಿರಲು ಇನ್ನೊಂದು ಕಾರಣವೂ ಇದೆ.

ರಾತ್ರಿ ಒಂದೂವರೆಗೆ ಫೋನಿಗೆ ಒಂದು ಆಡಿಯೊ ಬಂತು. ಗಾಬರಿ ದನಿ. "ಡ್ಯಾಂ ಒಡದೈತಿ. ಬೆಳಗಾಗೂದ್ರೊಳಗ ಪೂರಾ ಖಾಲಿ ಆಗ್ತೈತಿ. ಹೊಳಿ ದಂಡ್ಯಾಗ ಇದ್ದೋರು ಊರು ಬಿಡ್ರಿ." ಹಿಂದೆಯೇ ಒಂದು ವಿಡಿಯೊ. ಎತ್ತರದ ಗೇಟುಗಳಿಂದ ಕೆಂಪು ನೀರು ಧುಮುಕುತ್ತಿತ್ತು. ನಮ್ಮ ಚಿಗವ್ವನ ಮನೆ ಕಂಪ್ಲಿ ಹತ್ತಿರ, ಹೊಳೆ ದಂಡೆಯ ಊರಲ್ಲಿ. ನನಗೆ ಕೈಕಾಲು ನಡುಗಿತು. ಐದು ಜನಕ್ಕೆ ಒಟ್ಟಿಗೇ ಕಳಿಸಲು ಹೋದೆ, ವಾಟ್ಸಾಪ್ ಬಿಡಲಿಲ್ಲ. ಒಬ್ಬೊಬ್ಬರಿಗೇ ಕಳಿಸಿದೆ. ಮೊದಲು ಚಿಗವ್ವನಿಗೆ.

ಚಿಗವ್ವನಿಗೆ ಮೊಣಕಾಲು ನೋವು. ಇಬ್ಬರು ಮೊಮ್ಮಕ್ಕಳನ್ನು ಎಬ್ಬಿಸಿಕೊಂಡು, ಎಮ್ಮೆಯ ಹಗ್ಗ ಬಿಚ್ಚಿ ಬಿಟ್ಟು, ಕತ್ತಲಲ್ಲಿ ಗುಡ್ಡದ ಹನುಮಪ್ಪನ ಗುಡಿಗೆ ನಡೆದುಕೊಂಡು ಹೋದಳು. ಎಮ್ಮೆ ಸಿಕ್ಕಿದ್ದು ಮೂರನೇ ದಿನಕ್ಕೆ.

ಹೊಳೆ ದಂಡೆಯವರು ಎಚ್ಚರವಾಗಿರಬೇಕು ಅನ್ನುವ ಮಾತು ನಿಜವೇ ಆಗಿತ್ತು. ನದಿಗೆ ಸುಮಾರು 1 ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದರು. ಆದರೆ ಡ್ಯಾಂ ಒಡೆದಿರಲಿಲ್ಲ. 33 ಗೇಟುಗಳಲ್ಲಿ ಒಂದು ಹೋಗಿತ್ತು. ಆ ಜಾಗದ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನು ತೆರೆದಿದ್ದರು. ಆಮೇಲೆ ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಒಂದು ವಾರದೊಳಗೆ ಸ್ಟಾಪ್ ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಅಡ್ಡ ಇಡುವ ಉಕ್ಕಿನ ತುಂಡುಗಳನ್ನು, ಇಳಿಸಿ ನೀರು ನಿಲ್ಲಿಸಿದರು.

ಚಿಗವ್ವ ನನ್ನನ್ನು ಬೈಯಲಿಲ್ಲ. "ನೀನ ಕಳಿಸಿದ್ದಿ ಅಂತ ನಂಬಿದ್ನೆವ್ವಾ" ಅಂದಳು, ಅಷ್ಟೇ. ಅಪ್ಪ ಬೈದಿದ್ದು ಎಷ್ಟೋ ಮರೆತಿದ್ದೇನೆ. ಈ ಮಾತು ಮರೆಯಲು ಆಗಿಲ್ಲ.

ಅದಾದ ಕೆಲವು ತಿಂಗಳಿಗೆ ನಮ್ಮ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಭಾನುವಾರದ ಕ್ಲಾಸು ಶುರುವಾಯಿತು. ಫೋನು, ಇಂಟರ್‌ನೆಟ್ಟು, ಸುಳ್ಳು ಸುದ್ದಿಯ ಬಗ್ಗೆ, ಆರು ವಾರ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ವಾರಕ್ಕೆ ಒಂದೇ ರಜೆ. ಆದರೂ ಒಂದು ಕ್ಲಾಸೂ ತಪ್ಪಿಸಲಿಲ್ಲ.

ಮೊದಲ ದಿನವೇ ಮೇಡಂ ಎರಡು ಬಾಣದ ಗುರುತು ತೋರಿಸಿದರು. ಐದು ಕೈ ದಾಟಿ ಬಂದ ಮೆಸೇಜಿನ ಮೇಲೆ ವಾಟ್ಸಾಪ್ ಆ ಗುರುತು ಹಾಕುತ್ತದೆ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬಿಡುತ್ತದೆ. ನಾನು ಅಲ್ಲೇ ಕೂತು ಹಳೆಯ ಆಡಿಯೊ ತೆಗೆದು ನೋಡಿದೆ. ಎರಡು ಬಾಣ ಇದ್ದವು. ಆ ರಾತ್ರಿ ಫೋನೇ ನನ್ನನ್ನು ತಡೆಯಲು ನೋಡಿತ್ತು. ನಾನೇ ದಾರಿ ಮಾಡಿಕೊಂಡು ಕಳಿಸಿದ್ದೆ.

ಅಮೆರಿಕದ ಮೈಕ್ ಕಾಲ್‌ಫೀಲ್ಡ್ ಅನ್ನುವವರು ಮಾಡಿದ ನಾಲ್ಕು ಹೆಜ್ಜೆಗಳನ್ನೂ ಮೇಡಂ ಕಲಿಸಿದರು. ಮೊದಲು ನಿಲ್ಲು. ಹೇಳುತ್ತಿರುವವರು ಯಾರು ನೋಡು. ಇದೇ ವಿಷಯವನ್ನು ಬೇರೆಯವರು ಏನು ಹೇಳಿದ್ದಾರೆ ಹುಡುಕು. ಫೋಟೊ, ವಿಡಿಯೊ, ಮಾತು ಮೊದಲು ಎಲ್ಲಿಂದ ಬಂತೋ ಅಲ್ಲಿಗೆ ಹೋಗು. ನನ್ನ ಪ್ರಕಾರ ಮೊದಲನೆಯದೇ ಎಲ್ಲಕ್ಕಿಂತ ಕಷ್ಟ. ಉಳಿದ ಮೂರನ್ನು ಫೋನು ಮಾಡಿಕೊಡುತ್ತದೆ.

ಮೂರನೇ ವಾರ ಆ ವಿಡಿಯೊದ ಸ್ಕ್ರೀನ್‌ಶಾಟ್ ತೆಗೆದು, ಅಂಥದ್ದೇ ಫೋಟೊ ಹುಡುಕಿಕೊಡುವ ಗೂಗಲ್ ಲೆನ್ಸಿಗೆ ಹಾಕಿದೆ. ಸಾಲಾಗಿ ಬಂದವು ಶ್ರೀಶೈಲಂ ಡ್ಯಾಮಿನ ಫೋಟೊಗಳು. ಅಲ್ಲಿರುವುದು 12 ಗೇಟು. ನಮ್ಮದು 33 ಗೇಟಿನ ಉದ್ದನೆಯ ಡ್ಯಾಂ. ಶಾಲೆಯಿಂದ ನಮ್ಮನ್ನು ಪ್ರವಾಸಕ್ಕೆ ಕರೆದೊಯ್ದದ್ದು ಈ ಡ್ಯಾಮಿನ ಪಕ್ಕದ ಮುನಿರಾಬಾದಿಗೇ. ಚಿಕ್ಕಂದಿನಿಂದ ನೋಡಿದ ಡ್ಯಾಮನ್ನು ಭಯದಲ್ಲಿ ಗುರುತು ಹಿಡಿಯದೆ ಹೋದೆ.

ಆಮೇಲೆ ಲೆಕ್ಕ. ನನ್ನ ಕೆಲಸವೇ ಅದು, ಅಲ್ವಾ? 1 ಟಿಎಂಸಿ ಅಂದರೆ 100 ಕೋಟಿ ಘನ ಅಡಿ ನೀರು. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ 1 ಘನ ಅಡಿ. ದಿನಕ್ಕೆ 86,400 ಸೆಕೆಂಡು. 1 ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಡ್ಯಾಂ ತುಂಬಿದರೆ 105 ಟಿಎಂಸಿ ಚಿಲ್ಲರೆ. ಒಳಹರಿವು ನಿಂತರೂ ಅದು ಖಾಲಿಯಾಗಲು 12 ದಿನ ಬೇಕು. ಮೇಲಾಗಿ ಆ ಗೇಟುಗಳು ಇರುವುದು ಮೇಲಿನ 20 ಅಡಿ ನೀರಿಗೆ ಮಾತ್ರ. ಕೆಳಗಿನ ನೀರು ಆ ದಾರಿಯಲ್ಲಿ ಹೋಗುವುದೇ ಇಲ್ಲ. ಬೆಳಗಾಗುವುದರೊಳಗೆ ಖಾಲಿ ಅನ್ನುವ ಮಾತು ಐದು ನಿಮಿಷದ ಲೆಕ್ಕಕ್ಕೆ ಬಿದ್ದುಹೋಯಿತು.

ಇಷ್ಟು ಕಲಿತ ಮೇಲೆ ಮನೆಯಲ್ಲಿ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ನಮ್ಮ ಕಾಕಾ ಮನೆಯ ಗ್ರೂಪಿನಲ್ಲಿ ಸಕ್ಕರೆ ಕಾಯಿಲೆಗೆ ಒಂದು ಕಷಾಯ ಹಾಕಿದರು. ಮಾತ್ರೆ ಬಿಡಬಹುದು ಅಂತ ಬರೆದಿತ್ತು. ನಾನು ಎಲ್ಲರೆದುರಿಗೇ "ಇದು ಸುಳ್ಳು" ಅಂತ ಹಾಕಿದೆ. ಕೆಳಗೆ ಲಿಂಕನ್ನೂ ಕೊಟ್ಟೆ. ಕಾಕಾ ಒಂದು ತಿಂಗಳು ಗ್ರೂಪಿನಲ್ಲಿ ಮಾತೇ ಆಡಲಿಲ್ಲ. ಕಷಾಯ ಮಾತ್ರ ಕುಡಿಯುತ್ತಲೇ ಇದ್ದರು, ಕಾಕಿ ಹೇಳಿದ್ದು. ಹೇಳಿದ್ದು ಸರಿಯಿತ್ತು, ಹೇಳಿದ ಜಾಗ ತಪ್ಪಿತ್ತು. ಒಂದು ದಿನ ಅವರ ಮನೆಗೇ ಹೋದೆ. ಚಹಾ ಕುಡಿಯುತ್ತಾ ಕೇಳಿದೆ: "ಕಾಕಾ, ಕಷಾಯ ಕುಡೀರಿ. ಮಾತ್ರಿ ಬಿಡೂದು ಮಾತ್ರ ಒಮ್ಮೆ ಡಾಕ್ಟರಿಗೆ ಕೇಳೂಣಲ್ಲ?" ಒಪ್ಪಿಕೊಂಡರು. ಈಗ ಏನಾದರೂ ಹೇಳುವುದಿದ್ದರೆ ಫೋನು ಮಾಡುತ್ತೇನೆ, ಗ್ರೂಪಿನಲ್ಲಿ ಬರೆಯುವುದಿಲ್ಲ.

ಅಪ್ಪನ ವಿಷಯ ಬೇರೆ. ಅಪ್ಪನಿಗೆ ಪಿಎಂ ಕಿಸಾನ್ ಹೆಸರಿನಲ್ಲಿ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಬಂದಿತ್ತು. ಒತ್ತಿದರೆ 2,000 ರೂಪಾಯಿ ಕಂತು ಬೇಗ ಬರುತ್ತದಂತೆ. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಹೂಂ ಅಂದರೆ ಬ್ಯಾಂಕಿನ ಓಟಿಪಿ ನೇರ ಕಳ್ಳರಿಗೆ ಹೋಗುತ್ತದೆ. ಅದನ್ನು ಅಪ್ಪನಿಗೆ ಹೇಗೆ ಹೇಳುವುದು? ಅಪ್ಪ ನಾಲ್ಕು ಎಕರೆ ಸೋನಾಮಸೂರಿ ಬೆಳೆಯುತ್ತಾರೆ. ಬೀಜ ತರುವಾಗ ಅದು ಪ್ರಮಾಣಿತ ಬೀಜ ಅಂತ ಹೇಳುವ ಚೀಲದ ನೀಲಿ ಚೀಟಿ ಓದುತ್ತಾರೆ, ಬಿಲ್ಲು ಇಸಿದುಕೊಳ್ಳುತ್ತಾರೆ. ಚೀಟಿ ಇಲ್ಲದ ಬೀಜ ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. "ಅಪ್ಪಾ, ಇದು ಚೀಟಿ ಇಲ್ಲದ ಬೀಜ" ಅಂದೆ. ತಕ್ಷಣ ಅಳಿಸಿದರು. ಮರುದಿನ ಚಹಾದಂಗಡಿಯಲ್ಲಿ ಇದೇ ಮಾತನ್ನು ನಾಲ್ಕು ಜನಕ್ಕೆ ಹೇಳಿದ್ದರು. ಸೈಬರ್ ವಂಚನೆಯ ಸಹಾಯವಾಣಿ 1930 ನಂಬರನ್ನು ಅಪ್ಪನ ಫೋನಿನಲ್ಲಿ ಸೇವ್ ಮಾಡಿದ್ದೇನೆ. ದುಡ್ಡು ಹೋದರೆ ಮೊದಲು ಅಲ್ಲಿಗೆ ಫೋನು ಮಾಡಬೇಕು, ಅದೂ ತಡ ಮಾಡದೆ.

ಎಡದಂಡೆ ಕಾಲುವೆಯ ಕೆಳಗೆ ಬದುಕುವವರಿಗೆ ನೀರಿನ ಸುದ್ದಿಯೇ ದೊಡ್ಡ ಸುದ್ದಿ. 2025ರಲ್ಲಿ ಡ್ಯಾಮಿನಲ್ಲಿ 80 ಟಿಎಂಸಿಗೆ ಮಿತಿ ಹಾಕಿದಾಗ ಎರಡನೇ ಬೆಳೆಯ ಬಗ್ಗೆ ದಿನಕ್ಕೊಂದು ಸುದ್ದಿ ಹಬ್ಬಿತು. ಒಂದು ದಿನ ಐಸಿಸಿ, ಅಂದರೆ ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ, ಸಭೆಯ ತೀರ್ಮಾನ ಅಂತ ಒಂದು ಪತ್ರದ ಫೋಟೊ ಬಂತು. ಮೇಲ್ಭಾಗ ಕತ್ತರಿಸಿದ್ದರು. ದಿನಾಂಕವೇ ಇರಲಿಲ್ಲ. ಹುಡುಕಿದರೆ ಹಿಂದಿನ ಯಾವುದೋ ವರ್ಷದ್ದು. ಅದನ್ನು ನಂಬಿ ಒಬ್ಬರು ಸಸಿ ಮಡಿ ಹಾಕಿದ್ದರೆ ಎಷ್ಟು ನಷ್ಟ! ಹೊಲದ ವಿಷಯದಲ್ಲಿ ಹಳೆಯ ನಿಜವೂ ಸುಳ್ಳಿನಷ್ಟೇ ಕೆಡುಕು ಮಾಡುತ್ತದೆ.

ಅದಕ್ಕೇ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಮನೆಯ ಗ್ರೂಪಿಗೆ ಒಂದು ಮೆಸೇಜು ಹಾಕುತ್ತೇನೆ. ತುಂಗಭದ್ರಾ ಮಂಡಳಿ ಕೊಡುವ ನೀರಿನ ಮಟ್ಟ, ಒಳಹರಿವು, ಹೊರಹರಿವು. ಎಲ್ಲಿ ನೋಡಿದೆ, ಎಷ್ಟು ಗಂಟೆಗೆ ನೋಡಿದೆ ಅನ್ನುವುದನ್ನೂ ಬರೆಯುತ್ತೇನೆ. ಒಂದು ದಿನ ಬಿಟ್ಟರೆ ಕಾಕಾನೇ ಕೇಳುತ್ತಾರೆ.

ಈಚೆಗೆ ಒಂದು ಸಂಜೆ ಚಿಗವ್ವ ಫೋನು ಮಾಡಿದಳು. ಅವಳ ಮಗನ ಫೋನಿಗೆ ಡ್ಯಾಮಿನ ವಿಡಿಯೊ ಬಂದಿತ್ತಂತೆ.

"ಹದಿನೆಂಟರ ತನಕ ಎಣಿಸೀನಿ. ಆಮ್ಯಾಲೆ ಬರೇ ನೀರಿನ ಹೊಗಿ, ಗೇಟು ಕಾಣವಲ್ವು. ನಿನಗ ಕಳಿಸ್ತೀನಿ, ಉಳಿದದ್ದು ನೀ ಎಣಿಸು. ಅಲ್ಲೀತನ ನಾ ಯಾರಿಗೂ ಹೇಳಂಗಿಲ್ಲ" ಅಂದಳು.